ಉಳಿದ ಮಿರ್ಚಿಯ ವಿಮರ್ಶೆ

ಹಳೇ ಹುಬ್ಬಳ್ಳಿಯ ಥೇಟರಿನೆದುರು ಮಿರ್ಚಿ ಕರಿಯುತ್ತಿದ್ದ ಕಾಕಾ ಎಂದೂ ಸಿನಿಮಾ ನೋಡಿದವರಲ್ಲ. ಆದರೂ ಟಿಕೆಟ್ ತೆಗೆಸುವ ಮೊದಲು ನಾವು ಅವರನ್ನೇ ಕೇಳುತ್ತಿದ್ದೆವು. ಕಾಕಾ ಬುಟ್ಟಿ ಬಾಗಿಸಿ ತೋರಿಸುವರು.

"ಹಿಂದಿನ ಆಟಕ್ಕ ಒಂದೂ ಉಳದಿಲ್ರಿ. ಪೂರಾ ರದ್ದಿ ಪಿಚ್ಚರ್."

ಬೇಸತ್ತವರೆಲ್ಲ ನಡುವೆಯೇ ಎದ್ದುಬಂದು ಮಿರ್ಚಿ ತಿನ್ನುತ್ತಿದ್ದರು. ಕಡ್ಲಿಹಿಟ್ಟು ತುಟ್ಟಿಯಾಗಲಿ, ಗ್ಯಾಸ್ ತುಟ್ಟಿಯಾಗಲಿ, ಕಾಕಾ ಸೌಟು ಝಾಡಿಸಿ ಅದನ್ನೇ ಹೇಳುವರು: "ಪಿಚ್ಚರ್ ರದ್ದಿ ಇದ್ರನ ದೇಶ ನಡೀತೈತ್ರಿ."

ಒಂದು ದಿನ ಇಂಟರ್ವಲ್ಲಿಗೂ ಯಾರೂ ಹೊರಬರಲಿಲ್ಲ. ಕಾಕಾ ಸಿಟ್ಟಿಗೆದ್ದು, ಬುಟ್ಟಿ ಹೊತ್ತುಕೊಂಡು, ಜನರನ್ನು ಎಬ್ಬಿಸಿ ತರಲು ಒಳಗೆ ನುಗ್ಗಿದರು. ಆಟ ಬಿಟ್ಟ ಮೇಲೆಯೇ ಬಂದರು. ಕಣ್ಣು ಕೆಂಪಾಗಿದ್ದವು. ಬುಟ್ಟಿಯ ತುಂಬ ತಣ್ಣನೆಯ ಮಿರ್ಚಿ.

"ಹೆಂಗಿತ್ರಿ ಕಾಕಾ?"

ಮೂಗು ಒರೆಸಿಕೊಂಡರು. "ಭಾಳ ಲುಕ್ಸಾನ್ ಮಾಡಿತ್ರಿ. ನಾಳೆನೂ ಒಳಗ ಹೋಗಾಂವ ನಾ."