ಅಟ್ಟದ ಬೀಜ, ಅಮ್ಮನ ಉಸಿರು

ನಾನು ಚಿಕ್ಕವಳಿದ್ದಾಗ ನಮ್ಮ ಅಡುಗೆಮನೆಗೆ ಮೂಲೆಗಳೇ ಇರಲಿಲ್ಲ. ಇದ್ದವೇನೋ, ಆದರೆ ಯಾರೂ ಕಂಡಿರಲಿಲ್ಲ. ಬೆಳಗ್ಗೆ ಒಲೆ ಹೊತ್ತಿತೆಂದರೆ ಹೊಗೆ ಮೊದಲು ಹಂಚಿನ ಮಾಡಿಗೆ ಏರಿ, ಅಲ್ಲಿ ಜಾಗ ಸಾಲದೆ ಗೋಡೆ ಹಿಡಿದು ಇಳಿದು, ನನ್ನ ತಲೆಯ ಮಟ್ಟಕ್ಕೆ ಬಂದು ನಿಲ್ಲುತ್ತಿತ್ತು. ಅದರ ಕೆಳಗೆ ನನಗೆ ತಿಳಿಗಾಳಿ, ದೊಡ್ಡವರ ತಲೆ ಮೋಡದೊಳಗೆ. ಮಾಡಿಗೆ ಹಾಕಿದ್ದ ಒಂದೇ ಒಂದು ಗಾಜಿನ ಹಂಚಿನಿಂದ ಬಿಸಿಲುಕೋಲು ಓರೆಯಾಗಿ ಇಳಿದರೆ ಅದರಲ್ಲಿ ಹೊಗೆ ಸುರುಳಿ ಸುತ್ತುವುದನ್ನು ಮಣೆಯ ಮೇಲೆ ಕೂತು ಹೊತ್ತು ಹೋದದ್ದೇ ತಿಳಿಯದ ಹಾಗೆ ನೋಡುತ್ತಿದ್ದೆ. ಆನೆ ಬರುತ್ತಿತ್ತು, ದೋಣಿ ಬರುತ್ತಿತ್ತು, ಉದ್ದ ಜಡೆಯ ಹೆಂಗಸೊಬ್ಬಳು ಬಂದು ಜಡೆ ಬಿಚ್ಚಿಕೊಂಡು ಹೋಗುತ್ತಿದ್ದಳು. ಅದು ಚಂದವಾಗಿತ್ತು ಎನ್ನಲು ನನಗೆ ನಾಚಿಕೆಯಿಲ್ಲ. ಆ ಚಂದ ಅಮ್ಮನ ಎದೆಯೊಳಗೆ ಹೋಗಿ ಏನು ಮಾಡುತ್ತಿದೆ ಎಂಬುದು ಆಗ ಗೊತ್ತಿರಲಿಲ್ಲ, ಅಷ್ಟೆ.

ಶರಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ನಮ್ಮ ಊರು ನೀರಿನಡಿ ಹೋಯಿತು. ಹೊಸನಗರದ ಕಡೆ ಕಾಡು ಕಡಿದು ಕೊಟ್ಟ ಜಾಗದಲ್ಲಿ ಅಪ್ಪ ಅವಸರಕ್ಕೆ ಎಬ್ಬಿಸಿದ ಮನೆ ಇದು. ಮುಳುಗಿದ ಮನೆಯದು ಎತ್ತರದ ಹುಲ್ಲುಮಾಡು. ಹೊಗೆ ಅದರೊಳಗಿಂದ ತಾನೇ ದಾರಿ ಮಾಡಿಕೊಂಡು ಹೋಗುತ್ತಿತ್ತಂತೆ. ಇಲ್ಲಿ ತಗ್ಗು ಮಾಡು, ಕಾಡುಪ್ರಾಣಿಗಳ ಹೆದರಿಕೆಗೆ ಅಂಗೈಯಗಲದ ಕಿಟಕಿ, ಉರಿಸಲು ಆಗಷ್ಟೇ ಕಡಿದ ಹಸಿ ಸೌದೆ. ಬಂದ ಮೊದಲ ವರ್ಷವೇ ಅಮ್ಮನಿಗೆ ಉಬ್ಬಸ ಹಿಡಿಯಿತು. ಒಲೆ ಊದಬೇಕಾದವಳು ತನ್ನ ಉಸಿರಿಗೇ ಬಡಿದಾಡುತ್ತಿದ್ದಳು. ಮಾತನ್ನೂ ತುಂಡು ತುಂಡಾಗಿ ಆಡುವಳು. "ನೀರು." "ಉಪ್ಪು ತಾ." "ಉಂಡ್ಯಾ?" ಅಮ್ಮನದು ಮಾತು ಕಡಿಮೆ ಎಂದೇ ನಾನು ತಿಳಿದಿದ್ದೆ.

ಒಂದು ಚಳಿಗಾಲದ ಬೆಳಗ್ಗೆ ಅವಳು ತುಟಿ ನೀಲಿಗಟ್ಟಿ ಒಲೆಯ ಮುಂದೆಯೇ ಕುಸಿದಳು. ಅಪ್ಪ ಬಸ್ಸು ಹತ್ತಿಸಿ ಸಾಗರಕ್ಕೆ ಕರೆದುಕೊಂಡು ಹೋದ. ನಾನೂ ಅವಳ ಸೆರಗು ಹಿಡಿದುಕೊಂಡು ಹೊರಟೆ. ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಅವಳ ಸೀರೆಯ ಸೆರಗನ್ನು ಮೂಸಿ ನೋಡಿದ ಹಾಗೆ ಮಾಡಿ ಅಪ್ಪನತ್ತ ತಿರುಗಿದರು.

"ಇವರಿಗೆ ಎಷ್ಟು ಔಷಧಿ ಕೊಟ್ರೂ ಅಷ್ಟೇ. ಮೊದ್ಲು ನಿಮ್ಮ ಅಡುಗೆಮನೆಗೆ ಔಷಧಿ ಮಾಡಿ. ಹಿಂಗೇ ಹೊಗೆ ಕುಡೀತಾ ಇದ್ರೆ ಇನ್ನೊಂದು ಮಳೆಗಾಲ ಕಾಣೋದು ಕಷ್ಟ."

ಮಕ್ಕಳಿಗೆ ತಿಳಿಯುವುದಿಲ್ಲ ಎಂದುಕೊಂಡು ದೊಡ್ಡವರು ಮಾತಾಡುತ್ತಾರೆ. ನನಗೆ ಚೆನ್ನಾಗಿಯೇ ತಿಳಿಯಿತು. ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಅವಳ ಎದೆಯ ಸಿಳ್ಳೆ ಕೇಳುತ್ತಾ, ಅದು ನಿಂತುಬಿಟ್ಟರೆ ಎಂದು ಹೆದರುತ್ತಾ ಕೂತಿದ್ದೆ.

ಆ ದಿನಗಳಲ್ಲಿ ಬ್ಲಾಕ್ ಆಫೀಸಿನಿಂದ ಗ್ರಾಮಸೇವಿಕೆಯೊಬ್ಬರು ಊರೂರು ತಿರುಗುತ್ತಿದ್ದರು. ಹೊಗೆಯಿಲ್ಲದ ಒಲೆ ಹಾಕಿಸುವುದು ಅವರ ಕೆಲಸಗಳಲ್ಲೊಂದು. ಅಪ್ಪನೇ ಹೋಗಿ ಕರೆತಂದ. ಅವರು ಸೆರಗು ಸಿಕ್ಕಿಸಿಕೊಂಡು ಮಣ್ಣು ತುಳಿದು, ಹೊಟ್ಟು ಕಲಸಿ, ಒಳಗೆ ಸುರಂಗವಿರುವ ಉದ್ದನೆಯ ಒಲೆ ಕಟ್ಟಿದರು. ಅದರ ಹಿಂದಿನಿಂದ ಮಣ್ಣಿನ ಕೊಳವೆಯೊಂದು ಎದ್ದು, ಹಂಚು ತೆಗೆದ ಜಾಗದಲ್ಲಿ ಆಕಾಶಕ್ಕೆ ಬಾಯಿ ಬಿಟ್ಟಿತು. ಇದನ್ನೆಲ್ಲ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದ ನನ್ನ ಅಜ್ಜಿ, ಅಂದರೆ ಅಪ್ಪನ ತಾಯಿ, ಕೊನೆಗೆ ಅಂದಳು, "ಒಲೆಗೂ ಮೂಗು ಬಂತಲ್ಲ. ಇನ್ನು ನೆಗಡಿ ಬರೋದೊಂದು ಬಾಕಿ."

ಒಲೆ ಒಣಗಿ ಬೆಂಕಿ ಹಾಕಿದ ದಿನ ನಮ್ಮ ಅಡುಗೆಮನೆಗೆ ನಾಲ್ಕು ಮೂಲೆ ಹುಟ್ಟಿದವು. ಗೋಡೆ ಇಷ್ಟು ಕಪ್ಪಾಗಿದೆಯೆಂದು ಅಂದೇ ಗೊತ್ತಾದದ್ದು. ಬಿಸಿಲುಕೋಲು ಖಾಲಿಯಾಗಿ, ತೊಳೆದಿಟ್ಟ ಹಾಗೆ ನಿಂತಿತ್ತು. ನನ್ನ ಆನೆ, ದೋಣಿ ಎಲ್ಲ ಕೊಳವೆ ಹತ್ತಿ ಹೋಗಿದ್ದವು. ಬೇಸರವಾಗಲಿಲ್ಲ, ಯಾಕೆಂದರೆ ದಿನ ಕಳೆದ ಹಾಗೆ ಅಮ್ಮ ಮಾತಾಡತೊಡಗಿದಳು. ರೊಟ್ಟಿ ತಟ್ಟುತ್ತಾ ತವರಿನ ಕಥೆ ಹೇಳುವಳು. ತೀರ್ಥಹಳ್ಳಿಯ ಹೊಳೆಯ ಬಂಡೆಗಳ ಮೇಲೆ ಅಕ್ಕತಂಗಿಯರು ಸೀರೆ ಹರವಿ, ಗಾಳಿಗೆ ಹಾರಿದ ಸೀರೆಯ ಹಿಂದೆ ಓಡಿದ್ದು, ಹೊಳೆಯ ಮರಳಿಗೆ ಬೆಳದಿಂಗಳಲ್ಲಿ ಬೆಲ್ಲದ ಬಣ್ಣ ಬರುತ್ತಿದ್ದದ್ದು. ವಾಕ್ಯ ಮುಗಿಯುವುದನ್ನೇ ಮರೆತವಳಂತೆ ಹೇಳುತ್ತಾ ಹೋಗುವಳು, ನಡುವೆ ಉಸಿರು ಕಡಿಯುತ್ತಿರಲಿಲ್ಲ. ನನಗೆ ಹೊಸ ಅಮ್ಮ ಬಂದ ಹಾಗಾಯಿತು. ಅರ್ಧ ನಿದ್ದೆಯಲ್ಲಿ ಅವಳ ತೊಡೆಗೆ ತಲೆಯಿಟ್ಟು, ಒಂದು ಸಲವೂ ಸಿಳ್ಳೆ ಹಾಕದ ಆ ಎದೆ ಏರಿ ಇಳಿಯುವುದನ್ನು ಕೇಳುತ್ತಿದ್ದೆ.

ಬೇಸಿಗೆ ಮುಗಿಯುತ್ತಾ ಬಂದಾಗ ಅಜ್ಜಿಯ ಮುಖ ಬಾಡತೊಡಗಿತು. ಒಲೆಯ ಮೇಲೆ ಬಿದಿರಿನ ಅಟ್ಟವೊಂದು ತೂಗುತ್ತಿತ್ತು. ಅಲ್ಲಿ ಒಣಗಿದ ಸೋರೆಬುರುಡೆಗಳಲ್ಲಿ ಬಾಯಿಗೆ ಬೂದಿ ತುಂಬಿ ಅವಳು ಬೀಜ ಇಟ್ಟಿದ್ದಳು: ಅವರೆ, ಅಲಸಂದೆ, ಹೀರೆ, ಸೌತೆ. ನಮ್ಮ ಕಡೆ ಬೀಜವನ್ನು ಕಾಯುವುದೇ ಹೊಗೆ. ಹೊಗೆ ತಾಗುತ್ತಿದ್ದರೆ ಹುಳ ಬರುವುದಿಲ್ಲ, ತೇವ ಹಿಡಿಯುವುದಿಲ್ಲ. ಇವು ಮುಳುಗಿದ ಊರಿನ ಹಿತ್ತಿಲಲ್ಲಿ, ನೀರು ಬರುವ ಮುಂಚೆ, ಅವಳು ಕೊನೆಯ ಸಲ ಕೊಯ್ದ ಬೀಜ. ಇಲ್ಲಿಗೆ ಬಂದ ಮೇಲೆ ಒಂದನ್ನೂ ಬಿತ್ತಿರಲಿಲ್ಲ. ಹೊಸ ಹಿತ್ತಿಲಿಗೆ ಪಕ್ಕದ ಮನೆಯವರಿಂದ ಬೀಜ ತಂದದ್ದಾಯಿತೇ ಹೊರತು ಬುರುಡೆಯ ಬಾಯಿ ತೆರೆಯಲಿಲ್ಲ. ಕೇಳಿದರೆ, "ಆ ಮಣ್ಣಿನ ಬೀಜ ಆ ಮಣ್ಣಿಗೇ" ಅನ್ನುವಳು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಕೆಲವರ ಗದ್ದೆಯ ಅಂಚು ಕಾಣುತ್ತದೆ ಎಂಬ ಸುದ್ದಿ ಬರುತ್ತಿತ್ತು. ಒಂದು ವರ್ಷ ಪೂರಾ ಇಳಿದೇ ಇಳಿಯುತ್ತದೆ ಎಂದು ಅಜ್ಜಿ ನಂಬಿದ್ದಳು. ಬುರುಡೆಗಳನ್ನು ಬೇರೆಡೆ ತೂಗಿಸೋಣವೆಂದರೆ ಬಿಸಿನೀರಿನ ಒಲೆ ಅಂಗಳದ ಬಯಲಿನಲ್ಲಿತ್ತು, ಅಲ್ಲಿಯ ಹೊಗೆ ಗಾಳಿಯ ಪಾಲು. ಈಗ ಅಟ್ಟದಿಂದ ಒಲೆಯ ಮೇಲೆ ಬಿಳಿ ಹುಡಿ ಉದುರುತ್ತಿತ್ತು. ಅವರೆಗೆ ಹುಳ ಬಿದ್ದಿತ್ತು.

ಮೊದಲ ಮಳೆಗೆ ಇನ್ನೇನು ಕೆಲವು ದಿನ ಇರುವಾಗ ಅಡುಗೆಮನೆಯ ಮೂಲೆಗಳು ಮತ್ತೆ ಮಾಯವಾದವು. ಕೊಳವೆ ಎಳೆಯಲೊಲ್ಲದು, ಹೊಗೆಯೆಲ್ಲ ಒಲೆಯ ಬಾಯಿಂದ ಒಳಕ್ಕೇ ಕಾರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅಮ್ಮ ಕಂಬ ಹಿಡಿದು ಬಗ್ಗಿ ನಿಂತಿದ್ದಳು. ಸಿಳ್ಳೆ ಮರಳಿತ್ತು, ತುಟಿಯ ಬಣ್ಣ ಕೆಡುತ್ತಿತ್ತು. ಅಪ್ಪ ಏಣಿ ಹಾಕಿ ಮಾಡು ಹತ್ತಿ ಕೊಳವೆಗೆ ಕೈ ತೂರಿಸಿದ. ಕೈಗೆ ಬಂದದ್ದು ಹುಲ್ಲಿನ ಉಂಡೆ. ಅದಕ್ಕೆ ಸುತ್ತಿದ್ದ ಬಟ್ಟೆ ಅಜ್ಜಿಯ ಹಳೇ ಸೀರೆಯ ತುಂಡು.

ಇಳಿದು ಬಂದವನ ಕಡೆ ಎಲ್ಲರೂ ನೋಡಿದೆವು. ಬಿಸಿ ತುಪ್ಪ ಬಾಯಿಗೆ ಬಿದ್ದವನ ಹಾಗೆ ನಿಂತಿದ್ದ ಅವನು.

"ಹಕ್ಕಿ ಗೂಡು ಕಟ್ಟಿತ್ತು" ಅಂದ.

"ಹಕ್ಕಿ ಎಂತಕ್ಕೆ ಕಟ್ಟುತ್ತೋ. ನಾನೇ ತುರುಕಿದ್ದು" ಅಂದಳು ಅಜ್ಜಿ. "ಬೆಳಗ್ಗೆ ಹಂಚು ಸರಿ ಮಾಡೋಕೆ ಏಣಿ ಇಟ್ಟಿದ್ಯಲ್ಲ, ಆವಾಗ. ಬೀಜಕ್ಕೆ ನಾಲ್ಕು ದಿನ ಹೊಗೆ ಸಿಕ್ಕಿದ್ರೆ ಸಾಕಿತ್ತು."

ನನಗೆ ಮೈಯೆಲ್ಲ ಉರಿದುಹೋಯಿತು. ಅಜ್ಜಿಯ ಮೇಲೆ ಅಷ್ಟು ಸಿಟ್ಟು ಅದಕ್ಕೂ ಮುಂಚೆ ಬಂದಿರಲಿಲ್ಲ, ಆಮೇಲೂ ಬಂದಿಲ್ಲ. ಆ ಬುರುಡೆಗಳನ್ನೆಲ್ಲ ಒಲೆಗೆ ಹಾಕಬೇಕು ಎನಿಸಿತು. ಆದರೆ ಮಾತಾಡಿದವಳು ಅಮ್ಮ. ಜಗಲಿಯ ಕಟ್ಟೆಗೆ ಒರಗಿ, ಪದಕ್ಕೊಂದು ಉಸಿರು ಎಳೆದು, ಹಳೆಯ ತುಂಡು ಮಾತಿನಲ್ಲಿ ಹೇಳಿದಳು.

"ಮುಚ್ಚೇ ಇರ್ಲಿ. ಅತ್ತೆ. ಬೀಜ ಒಣಗ್ಲಿ. ನಾ ತಡ್ಕೋತೀನಿ."

ಅಜ್ಜಿ ಅವಳನ್ನೇ ನೋಡಿದಳು. ಅಮ್ಮನ ಕತ್ತಿನ ಗುಳಿ ಒಳಕ್ಕೆ ಎಳೆದುಕೊಳ್ಳುವುದು, ಬಿಡುವುದು, ಮತ್ತೆ ಎಳೆದುಕೊಳ್ಳುವುದು. ಬೆಟ್ಟದ ಕಡೆಯಿಂದ ಮಣ್ಣಿನ ವಾಸನೆಯ ಗಾಳಿ ಬೀಸುತ್ತಿತ್ತು. ಆಮೇಲೆ ಅಜ್ಜಿ ಎದ್ದು ಒಳಗೆ ಹೋಗಿ, ಸ್ಟೂಲು ಹತ್ತಿ, ಅಟ್ಟದಿಂದ ಬುರುಡೆಗಳನ್ನು ಒಂದೊಂದಾಗಿ ಇಳಿಸಿದಳು. ಅಪ್ಪ ಸಹಾಯಕ್ಕೆ ಹೋದರೆ ಕೈ ಸರಿಸಿದಳು.

ಸಂಜೆಗೆ ಅಮ್ಮನ ಉಸಿರು ತಕ್ಕಮಟ್ಟಿಗೆ ಹದಕ್ಕೆ ಬಂದಿತ್ತು. ಹಿತ್ತಿಲಲ್ಲಿ ಅಜ್ಜಿ ಕುಕ್ಕರುಗಾಲಲ್ಲಿ ಕೂತು ಕೈಗುದ್ದಲಿಯಿಂದ ಮಣ್ಣು ಸಡಿಲ ಮಾಡುತ್ತಿದ್ದಳು. ಅಮ್ಮ ಪಕ್ಕದಲ್ಲಿ ಕೂತು ಮಡಿಲಲ್ಲಿ ಬೀಜ ಹರವಿಕೊಂಡು ಹುಳ ತಿಂದದ್ದನ್ನು ಬೇರೆ ಮಾಡುತ್ತಿದ್ದಳು. ತೂತಿಲ್ಲದವು ಬಹಳ ಉಳಿದಿರಲಿಲ್ಲ. ಇದ್ದವಕ್ಕೂ ವಯಸ್ಸಾಗಿತ್ತು.

"ಈ ಮಣ್ಣಲ್ಲಿ ಮೊಳೀದೇ ಹೋದ್ರೆ ಅತ್ತೆ?" ಅಮ್ಮ ಕೇಳಿದಳು.

ಅಜ್ಜಿ ಹೆಬ್ಬೆರಳಿನಿಂದ ಒಂದು ಅವರೆಯನ್ನು ಮಣ್ಣಿಗೆ ಒತ್ತಿ ಮುಚ್ಚಿದಳು.

"ಹೋದ್ರೆ ಹೋಗ್ಲಿ. ನೀರು ಬಂದಾಗ ಆ ಊರಿಂದ ನಾ ತಂದಿದ್ದು ಬೀಜ ಒಂದೇ ಅಲ್ಲ ಕಣೇ. ನಿನ್ನೂ ಅಲ್ಲಿಂದ್ಲೇ ತಂದಿದ್ದು."

ಅಮ್ಮ ಮಡಿಲಿನಿಂದ ಇನ್ನೊಂದು ಬೀಜ ಹೆಕ್ಕಿ ಅವಳ ಕೈಗೆ ಕೊಟ್ಟಳು.