ಹಾರದ ವಿಮಾನ, ಓಡಿದ ಎತ್ತು

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಬಿ.ಎಡ್. ಮುಗಿಸಿ ಮನೆಯಲ್ಲಿ ಕೂತಿದ್ದ ಆ ವರ್ಷ ವಿಜ್ಞಾನ ಶಿಕ್ಷಕಿಯ ಕೆಲಸಕ್ಕೆಂದು ಎರಡು ಶಾಲೆಗಳಲ್ಲಿ ಮಾದರಿ ಪಾಠ ಮಾಡಿದ್ದೆ, ಎರಡೂ ಕಡೆ ಬೇಡ ಎನಿಸಿಕೊಂಡಿದ್ದೆ. ಬಾಗಲಕೋಟೆಯ ನವನಗರದಲ್ಲಿ ‘ನಿಮ್ಮ ಮಾತು ಭಾಳ ಹಳ್ಳಿ ಆತ್ರಿ’ ಎಂದರು. ಸರಿ ಎಂದು ಹುನಗುಂದದಲ್ಲಿ ಮೈಸೂರು ಕಡೆಯವರ ಹಾಗೆ ‘ಬನ್ನಿ ಮಕ್ಕಳೇ, ಕುಳಿತುಕೊಳ್ಳಿ’ ಎಂದು ಶುರು ಹಚ್ಚಿದೆ. ಮಕ್ಕಳೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕನೆ ನಕ್ಕವು. ನಾನು ಡಸ್ಟರನ್ನು ಮೇಜಿಗೆ ಕುಕ್ಕಿದೆ. ಆ ನೌಕರಿಯೂ ಅಲ್ಲಿಗೇ ಖಲಾಸ್.

ಮೂರನೆಯದು ಬಾದಾಮಿಯ ಒಂದು ಖಾಸಗಿ ಹೈಸ್ಕೂಲು. ನಮ್ಮೂರು ಚೊಳಚಗುಡ್ಡದಿಂದ ಕೂಗಳತೆಯ ಹಾದಿ ಎನ್ನಬಹುದು. ಇದೂ ಕೈಬಿಟ್ಟರೆ ಇಳಕಲ್ಲಿನ ಸೀರೆ ಅಂಗಡಿಯಲ್ಲಿ ನಿಲ್ಲುವುದು ಎಂದು ಸೋದರಮಾವ ಆಗಲೇ ಅಂಗಡಿಯವರಿಗೆ ಹೇಳಿಟ್ಟಿದ್ದ. ಸೀರೆ ಮಾರುವುದೇನು ಕೀಳು ಕೆಲಸವಲ್ಲ. ಆದರೆ ನನಗೆ ಪಾಠ ಮಾಡಬೇಕಿತ್ತು. ಚಿಕ್ಕವಳಿದ್ದಾಗ ಕೊಟ್ಟಿಗೆಯಲ್ಲಿ ಕರುಗಳನ್ನು ಸಾಲಾಗಿ ಕಟ್ಟಿ ಅವಕ್ಕೆ ಮಗ್ಗಿ ಹೇಳಿಕೊಟ್ಟವಳು ನಾನು.

ಒಂಬತ್ತನೆಯ ತರಗತಿ, ಶಬ್ದದ ಪಾಠ, ನಲವತ್ತು ನಿಮಿಷ ಎಂದು ತಿಳಿಸಿದ್ದರು. ಎಲ್ಲರೂ ಮಾಡುವ ಹಾಗೆ ಗಂಟೆ ಬಾರಿಸಿ, ದಾರ ಕಟ್ಟಿದ ಡಬ್ಬಿಯಲ್ಲಿ ಮಾತಾಡಿಸಿ ಮುಗಿಸಬಹುದಿತ್ತು. ನನ್ನ ತಲೆ ಸುಮ್ಮನಿರಲಿಲ್ಲ. ಬಾದಾಮಿಯ ಗ್ರಂಥಾಲಯದಲ್ಲಿ ಒಂದು ಹಳೆಯ ಪತ್ರಿಕೆಯಲ್ಲಿ ಓದಿದ್ದ ಸಂಗತಿಯೊಂದು ಬಿಡದೆ ಕಾಡುತ್ತಿತ್ತು. ಐವತ್ತು ವರ್ಷಗಳ ಹಿಂದೆ ಅಮೆರಿಕದವರು ಸದ್ದಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ವೇಗದಲ್ಲಿ ಜನರನ್ನು ಹೊತ್ತೊಯ್ಯುವ ವಿಮಾನ ಕಟ್ಟಲು ಹೊರಟಿದ್ದರು. ಪೂರ್ತಿ ಗಾತ್ರದ ಕಟ್ಟಿಗೆಯ ಮಾದರಿ ಮಾಡಿ, ಒಳಗೆ ಕುರ್ಚಿ ಹಾಕಿ, ಬಂದವರಿಗೆಲ್ಲ ತೋರಿಸಿದರು. ಕೊನೆಗೆ ಸರ್ಕಾರ ಹಣ ಕೊಡುವುದಿಲ್ಲ ಎಂದಿತು. ವಿಮಾನ ಒಂದು ದಿನವೂ ಹಾರಲಿಲ್ಲ. ನಿಲ್ಲಲು ಕಾರಣಗಳು ಹಲವು. ಅದರಲ್ಲಿ ನನ್ನನ್ನು ಹಿಡಿದದ್ದು ಒಂದು: ಸದ್ದು. ಸದ್ದನ್ನು ಮೀರಿ ಓಡುವ ವಿಮಾನದ ಹಿಂದೆ ಸಿಡಿಲಿನಂಥ ಸಪ್ಪಳ ನೆಲದುದ್ದಕ್ಕೂ ಹಿಂಬಾಲಿಸಿಕೊಂಡೇ ಬರುತ್ತದೆ. ಅದನ್ನು ಜನ ಎಷ್ಟು ತಡೆದುಕೊಳ್ಳುತ್ತಾರೆ ನೋಡೋಣ ಎಂದು ಮೊದಲೇ ಒಂದು ಊರಿನ ಮೇಲೆ ತಿಂಗಳುಗಟ್ಟಲೆ ದಿನಾ ಯುದ್ಧವಿಮಾನ ಹಾರಿಸಿ ಪರೀಕ್ಷೆ ಮಾಡಿದ್ದರು. ಕಿಟಕಿಯ ಗಾಜು ಒಡೆದವು ಎಂದು ಜನ ದೂರಿನ ಮೇಲೆ ದೂರು ಬರೆದರು.

ಆದರೆ ಆ ಸಪ್ಪಳವನ್ನು ತರಗತಿಯಲ್ಲಿ ಎಲ್ಲಿಂದ ತರುವುದು? ಒಂದು ಮುಂಜಾನೆ ಅಂಗಳದಲ್ಲಿ ಅದು ತಾನಾಗಿಯೇ ಕೇಳಿಸಿತು. ಅಪ್ಪ ಬಂಡಿ ಹೂಡಿ ಬಾರಕೋಲು ಬೀಸಿದ. ಛಟಾರ್! ಬಾರಿನ ತುದಿ ಒಂದು ಕ್ಷಣ ಸದ್ದಿಗಿಂತ ವೇಗವಾಗಿ ಓಡುತ್ತದೆ, ಅದಕ್ಕೇ ಆ ಛಟಾರ್. ದೊಡ್ಡ ವಿಮಾನ ಮಾಡುವ ಅನಾಹುತವನ್ನೇ ನಮ್ಮಪ್ಪ ದಿನಾ ಮುಂಜಾನೆ ಚಹಾ ಕುಡಿದು ಮಾಡುತ್ತಿದ್ದ! ನನಗೆ ಕುಣಿಯುವುದೊಂದು ಬಾಕಿ.

“ಯಪ್ಪಾ, ನಾಳೆ ನನ್ನ ಜೋಡಿ ಸಾಲಿಗೆ ಬಾ. ಕಿಟಕಿ ಹೊರಗ ನಿಂತು ಒಂದ್ ಸಲ ಬಾರಕೋಲ ಬೀಸು, ಸಾಕು” ಎಂದೆ.

“ಬೀಸ್ತೇನವ್ವಾ. ಆದ್ರ ಎತ್ತು ಹೂಡದ ಬಾರಕೋಲ ಬೀಸಬಾರದು. ಮನ್ಯಾಗ ಜಗಳ ಹುಟ್ಟತಾವ.”

“ನಮ್ಮ ಮನ್ಯಾಗ ಜಗಳ ಹೊಸದಾಗಿ ಹುಟ್ಟೂದೇನೈತಿ? ಬಸ್ಸಿನ್ಯಾಗ ಹೋಗೂಣು, ಬಾರಕೋಲ ಅಷ್ಟ ಹಿಡಕೋ.”

“ಒಲ್ಲೆ. ನಮ್ಮಪ್ಪ ಬೀಸಲಿಲ್ಲ, ನಾನೂ ಬೀಸೂದಿಲ್ಲ. ಎತ್ತು ಹೂಡ್ಕೊಂಡೇ ಬರ್ತೇನಿ.”

ಎಷ್ಟು ಗುದ್ದಾಡಿದರೂ ಜಗ್ಗಲಿಲ್ಲ. ನನ್ನ ಹಟ ಯಾರಿಂದ ಬಂದದ್ದು ಎಂದು ಅವ್ವ ಒಳಗಿನಿಂದಲೇ ನಕ್ಕಳು.

ಹೀಗೆ ನನ್ನ ಮೂರನೆಯ ಪರೀಕ್ಷೆಗೆ ನಾನು ಬಂಡಿಯಲ್ಲಿ ಹೋದೆ. ಬಾದಾಮಿಯ ಬಸ್ ನಿಲ್ದಾಣದ ಮುಂದೆ ಆಟೊದವರು ದಾರಿ ಬಿಡದೆ ಹಾರ್ನ್ ಹೊಡೆದರು, ನಾನು ಎದ್ದು ನಿಂತು ಅವರಿಗೆ ಮನದಣಿಯೆ ಬೈದೆ. ಶಾಲೆಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ಬಂಡಿ ನಿಲ್ಲಿಸಿಕೊಂಡು, ನಾನು ಕಿಟಕಿಯಿಂದ ಕರ್ಚೀಫು ಬೀಸಿದಾಗ ಬಾರಕೋಲು ಬೀಸಬೇಕು ಎಂದು ಅಪ್ಪನಿಗೆ ಮೂರು ಸಲ ಹೇಳಿ ಒಳಗೆ ಹೋದೆ.

ಹಿಂದಿನ ಗೋಡೆಗೆ ಕುರ್ಚಿ ಹಾಕಿಕೊಂಡು ಮೂವರು ಕೂತಿದ್ದರು. ನಡುವಿನವರು ಆಡಳಿತ ಮಂಡಳಿಯ ಅಧ್ಯಕ್ಷರು, ತಾವೇ ಹಿಂದೆ ವಿಜ್ಞಾನ ಕಲಿಸಿದವರು, ಹಣೆಯಲ್ಲಿ ವಿಭೂತಿ, ಮುಖದಲ್ಲಿ ನಗೆಯ ಸುಳಿವಿಲ್ಲ. ನಾನು ಈ ಸಲ ಯಾರ ಹಾಗೂ ಮಾತಾಡಲಿಲ್ಲ. ಮನೆಯಲ್ಲಿ ಮಾತಾಡುವ ಹಾಗೆಯೇ ಮಾತಾಡಿದೆ. ಬೋರ್ಡಿನ ಮೇಲೆ ಚೂಪು ಮೂಗಿನ ವಿಮಾನ ಬರೆದೆ. ಮಕ್ಕಳು ಕಿವಿ ನಿಮಿರಿಸಿದರು.

“ಟೀಚರ, ಹಾರದ ವಿಮಾನದ ಕತಿ ಮಕ್ಕಳಿಗೆ ಯಾಕ್ರಿ? ಹಾರಿದ್ದು ಹೇಳ್ರಲ್ಲ” ಎಂದರು ಅಧ್ಯಕ್ಷರು.

ಮೂಗಿನ ತುದಿಗೆ ಸಿಟ್ಟು ಬಂತು, ನುಂಗಿಕೊಂಡೆ. “ಯಾಕ ಹಾರಲಿಲ್ಲ ಅನ್ನೂದೇ ಪಾಠ ಐತ್ರಿ ಸರ್” ಎಂದು ಕಿಟಕಿಗೆ ಹೋಗಿ ಕರ್ಚೀಫು ಬೀಸಿದೆ.

ಛಟಾರ್! ತರಗತಿಯೆಲ್ಲ ಬೆಚ್ಚಿಬಿತ್ತು. ನಾನು ಗೆದ್ದೆ ಎಂದುಕೊಂಡೆ. ಆ ಖುಷಿ ಮೂರು ಉಸಿರಿನಷ್ಟು ಹೊತ್ತೂ ಬಾಳಲಿಲ್ಲ.

ಅಯ್ಯೋ ನನ್ನ ಬುದ್ಧಿಗೆ ಮಣ್ಣು ಹಾಕ! ಒಕ್ಕಲಿಗರ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ ಇದು ಹೊಳೆಯಬೇಡವೇ? ನಮ್ಮಪ್ಪ ಜನ್ಮದಲ್ಲಿ ಎತ್ತಿನ ಮೈಗೆ ಬಾರಕೋಲು ತಾಗಿಸಿದವನಲ್ಲ. ನಮ್ಮ ಎತ್ತುಗಳಿಗೆ ಆ ಸಪ್ಪಳ ಎಂದರೆ ‘ನಡೀ’ ಎಂದೇ ಅರ್ಥ. ಸದ್ದು ದೊಡ್ಡದಾಗಲಿ ಎಂದು ಅಪ್ಪ ಬಂಡಿ ಬಿಟ್ಟಿಳಿದು ನೆಲದ ಮೇಲೆ ನಿಂತು ಕೈಯೆತ್ತಿ ಬೀಸಿದ್ದ. ಎತ್ತುಗಳು ನಡೆದವು. ನಡೆದವೇನು, ಊರ ಹಾದಿ ಹಿಡಿದು ಓಡಿದವು. ಅಪ್ಪ ‘ಹೋ ಹೋ’ ಎನ್ನುತ್ತ ರುಮಾಲು ಹಿಡಿದುಕೊಂಡು ಹಿಂದೆ ಓಡಿದ. ಬಂಡಿಯ ಗಾಲಿ ಗೇಟಿನ ಪಕ್ಕದ ಸ್ಕೂಟರಿಗೆ ತಾಗಿತು. ಸ್ಕೂಟರು ಧಡಲ್ ಎಂದು ಮಗ್ಗುಲಾಯಿತು, ಕನ್ನಡಿ ಚೂರು ಚೂರಾಯಿತು.

“ಅದು ನನ್ನ ಗಾಡಿ!” ಎನ್ನುತ್ತ ಅಧ್ಯಕ್ಷರು ಎದ್ದು ಹೊರಗೆ ಹೋದರು.

ಮಕ್ಕಳು ಬೆಂಚು ಹತ್ತಿ ಕಿಟಕಿಗೆ ಜೋತುಬಿದ್ದು ಕೇಕೆ ಹಾಕುತ್ತಿದ್ದರು. ಇಳಕಲ್ಲಿನ ಅಂಗಡಿಯ ಗಾದಿಯ ಮೇಲೆ ಸೀರೆ ಬಿಚ್ಚಿ ಬಿಚ್ಚಿ ತೋರಿಸುವ ನಾನೇ ನನಗೆ ಕಂಡೆ. ಡಸ್ಟರು ಕೈಯಲ್ಲೇ ಇತ್ತು, ಕುಕ್ಕಬೇಕೆನಿಸಿತು.

ಅಷ್ಟರಲ್ಲಿ ಮೂರನೆಯ ಬೆಂಚಿನ ಎರಡು ಜಡೆಯ ಹುಡುಗಿ ತಿರುಗಿ ಕೇಳಿದಳು: “ಟೀಚರ, ಆ ವಿಮಾನ ಮ್ಯಾಲೆ ಹ್ವಾದ್ರ ನಮ್ಮ ಎತ್ತೂ ಹಿಂಗ ಓಡ್ತಿದ್ವೇನ್ರಿ?”

ನನ್ನ ಜೀವ ಮರಳಿ ಬಂತು. “ಓಡ್ತಿದ್ವವ್ವಾ! ನಿಮ್ಮವೂ ಓಡ್ತಿದ್ವು, ನಮ್ಮವೂ ಓಡ್ತಿದ್ವು. ಸಪ್ಪಳ ಒಂದ್ ಕಡೆ ಆಗಿ ಮುಗ್ಯೂದಿಲ್ಲ, ವಿಮಾನ ಹೋದಲ್ಲೆಲ್ಲ ಹಿಂದ ಹಿಂದ ಬರ್ತೈತಿ. ಇಳಕಲ್ಲಿಂದ ಕಲಾದಗಿಗೆ ಹೊಂಟೈತಿ ಅನ್ರಿ. ನಡುವ ಯಾವ್ಯಾವ ಊರು ಬೆಚ್ಚಿಬೀಳ್ತಾವ?”

“ಹುನಗುಂದ!” “ಬಾಗಲಕೋಟಿ!” “ನವನಗರದಾಗ ನಮ್ಮ ಕಾಕಾನ ಮನಿ!” ತರಗತಿಯೇ ಊರುಗಳನ್ನು ಕೂಗತೊಡಗಿತು.

“ಒಳಗ ಕುಂತವರಿಗೂ ಕೇಳಸ್ತೈತೇನ್ರಿ?” ಅದೇ ಹುಡುಗಿ.

“ಇಲ್ಲ. ಅವರಿಗೆ ಕೇಳಸೂದಿಲ್ಲ. ಅವರು ಆರಾಮ ಕುಂತಿರ್ತಾರ. ಕೆಳಗಿನವರ ಎತ್ತು ಓಡ್ತಾವ, ಕನ್ನಡಿ ಒಡೀತಾವ.”

“ಹಂಗಾದ್ರ ನಿಲ್ಲಿಸಿದ್ದ ಛಲೋ ಆತ್ರಿ” ಎಂದಳು ಹುಡುಗಿ. ಬೋರ್ಡಿನ ವಿಮಾನದ ಕೆಳಗೆ ನಾನು ಒಂದು ಜೋಡಿ ಎತ್ತು ಬರೆದೆ. ನಲವತ್ತು ಮಕ್ಕಳೂ ತಮ್ಮ ನೋಟುಬುಕ್ಕಿನಲ್ಲಿ ಎತ್ತು ಬರೆದುಕೊಂಡರು. ಅಂಥ ಪಾಠ ನಾನು ಮತ್ತೆ ಮಾಡಿದ್ದೇನೋ ಇಲ್ಲವೋ ಗೊತ್ತಿಲ್ಲ. ಅವತ್ತು ಮಾತ್ರ ನಾನೇ ರಾಣಿ.

ಬಾಗಿಲಲ್ಲಿ ಅಧ್ಯಕ್ಷರು ನಿಂತಿದ್ದರು, ಕೈಯಲ್ಲಿ ಕನ್ನಡಿಯ ಬರೀ ಚೌಕಟ್ಟು. ಯಾವಾಗಿನಿಂದ ನಿಂತಿದ್ದರೋ. ಅವರ ಹಿಂದೆ ಅಪ್ಪ, ಬೆವೆತು, ಚಪ್ಪಲಿ ಬಿಟ್ಟು, ಕೈ ಮುಗಿದುಕೊಂಡು. ಎತ್ತುಗಳನ್ನು ಹಿಡಿದು ತಂದು ನೊಗದಿಂದ ಬಿಚ್ಚಿ ಮರಕ್ಕೆ ಕಟ್ಟಿ ಬಂದಿದ್ದ.

“ತಪ್ಪು ನಂದ್ರಿ ಸಾಹೇಬ್ರ. ಎತ್ತಿಂದೂ ಅಲ್ಲ, ಮಗಳದೂ ಅಲ್ಲ. ಅಕಿಗೆ ಏನೂ ಅನಬ್ಯಾಡ್ರಿ.”

“ಕೈ ಇಳಸು ಯಪ್ಪಾ!” ಎಂದು ನಾನು ಅಲ್ಲಿಂದಲೇ ಚೀರಿದೆ. ಅಪ್ಪ ಇನ್ನೊಬ್ಬರ ಮುಂದೆ ಹಾಗೆ ನಿಲ್ಲುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಅಧ್ಯಕ್ಷರು ನನ್ನ ಕಡೆ ನೋಡಲೇ ಇಲ್ಲ. ಅಪ್ಪನಿಗೇ ಹೇಳಿದರು: “ನಿಮ್ಮ ಮಗಳು ಸೋಮವಾರ ಹತ್ತಕ್ಕ ಇಲ್ಲಿ ಬರಬೇಕ್ರಿ.”

ಅಪ್ಪನ ಮುಖ ಬಾಡಿತು. “ಸೋಮವಾರ ಯಾಕ್ರಿ? ಬೈಯೂದಿದ್ರ ಇವತ್ತ ಬೈದು ಮುಗಿಸಿಬಿಡ್ರಿ. ಎರಡು ದಿನ ಉಣ್ಣೂದಿಲ್ಲರಿ ಅಕಿ.”

ಅಧ್ಯಕ್ಷರು ಮೊದಲ ಸಲ ನಕ್ಕರು. “ಬೈಯಾಕಲ್ಲೋ ಮಾರಾಯಾ, ಪಾಠಾ ಮಾಡಾಕ. ಸೋಮವಾರದಿಂದ ಈ ಕ್ಲಾಸಿಗೆ ಅವರೇ ಟೀಚರು.”

ಅಪ್ಪನಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು. ಮಕ್ಕಳಿಗೆ ಮೊದಲೇ ತಿಳಿದು ಬೆಂಚು ಬಡಿಯತೊಡಗಿದ್ದವು. ಅಪ್ಪ ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡ, ನನಗೂ ತಡೆಯಲಾಗಲಿಲ್ಲ, ಮಕ್ಕಳೆದುರೇ ಅತ್ತೆ. ಆಮೇಲೆ ಅವನು ಬೋರ್ಡಿನ ಕಡೆ ನೋಡಿದ.

“ಏನು ಹೇಳಿದಿಯವ್ವಾ ಒಳಗ? ನಾ ಎತ್ತಿನ ಬೆನ್ನು ಹತ್ತಿದ್ದೆ, ಒಂದೂ ಕೇಳಲಿಲ್ಲ.”

ಎರಡನೆಯ ಇಯತ್ತೆಗೆ ಸಾಲಿ ಬಿಟ್ಟವನು ನಮ್ಮಪ್ಪ. ಮುಂದಿನ ಬೆಂಚಿನ ಮೂವರು ಸರಿದು ಜಾಗ ಮಾಡಿಕೊಟ್ಟರು. ಅವನು ಬಾರಕೋಲನ್ನು ಕಾಲ ಬಳಿ ಇಟ್ಟು, ಮೊಣಕಾಲು ಹಿಡಿಸದ ಆ ಬೆಂಚಿನಲ್ಲಿ ಹೇಗೋ ತೂರಿ ಕೂತ. ನಾನು ಬೋರ್ಡು ಒರೆಸಿ, ವಿಮಾನವನ್ನು ಮೂಗಿನಿಂದ ಮತ್ತೆ ಬರೆಯತೊಡಗಿದೆ.