ಓಣಿಯೆಲ್ಲ ಎತ್ತಿದ ಹಾಸು

ನಾನು ಏಳನೇ ಕ್ಲಾಸಿಗೆ ಓದು ನಿಲ್ಲಿಸಿದ್ದು 2003ರಲ್ಲಿ. ನಪಾಸಾಗಿ ಅಲ್ಲ, ಮನೆಯ ಮಗ್ಗಕ್ಕೆ ಕೈ ಬೇಕಿತ್ತು. ಆಗೆಲ್ಲ ಕುಂದುರ್ಪಿ ಕಡೆಯ ನಮ್ಮ ಓಣಿಯಲ್ಲಿ ಕಂಬಳಿ ನೇಯದ ಮನೆಯಿರಲಿಲ್ಲ, ಓಣಿಯ ಬಾಯಲ್ಲಿದ್ದ ಹುಣಸೆಮರವಿಲ್ಲದೆ ಕಂಬಳಿಯೂ ಇರಲಿಲ್ಲ. ಚಿಗುರು ಸಾರಿಗೆ, ಹಣ್ಣು ಹಿಂದೂಪುರದ ಮಂಡಿಗೆ, ಬೀಜ ನಮಗೆ. ಅಜ್ಜಿ ಬೀಜ ಹುರಿದು, ಸಿಪ್ಪೆ ಕಳೆದು, ನೆನೆಸಿ ರುಬ್ಬಿ ಗಂಜಿ ಕಾಯಿಸುತ್ತಿದ್ದಳು. ಆ ಹುರಿದ ವಾಸನೆ ನಮ್ಮ ಅಂಗಿಗಳನ್ನು ಬಿಡುತ್ತಿರಲಿಲ್ಲ. ನೇಯುವ ಮುಂಚೆ ಉಣ್ಣೆಯ ಎಳೆಗಳ ಹಾಸನ್ನು ಮರದಿಂದ ಓಣಿಯುದ್ದಕ್ಕೂ ಬಿಗಿದು ಗಂಜಿ ಬಳಿಯಬೇಕು. ಬೇಸಿಗೆಯಲ್ಲೂ ಬೋಳಾಗದ ಆ ಮರದ ನೆರಳಲ್ಲಿ ಅದು ಮೆಲ್ಲಗೆ ಒಣಗಬೇಕು. ಹಸಿಯಿದ್ದಾಗ ಸಡಿಲ ಬಿಟ್ಟರೆ ಎಳೆಗಳೆಲ್ಲ ಅಂಟಿಕೊಂಡು ಹಗ್ಗವಾಗುತ್ತವೆ.

ನಾನು ಓದು ಬಿಟ್ಟ ವರ್ಷವೇ ಒಂದು ದಿನ, ಗಂಜಿ ಬಳಿದು ಮುಗಿದಿತ್ತು ಅಷ್ಟೆ. ಚೊಚ್ಚಲ ಹೆರಿಗೆಗೆ ಬಂದಿದ್ದ ಅಕ್ಕನಿಗೆ ನೋವು ಶುರುವಾಯಿತು, ಜೊತೆಗೆ ರಕ್ತ. ಸೂಲಗಿತ್ತಿ ನೋಡಿ, ಕೂಡಲೇ ಕಲ್ಯಾಣದುರ್ಗದ ಆಸ್ಪತ್ರೆಗೆ ಒಯ್ಯಿರಿ ಅಂದಳು. ಊರಿಗಿದ್ದ ಒಂದೇ ಆಟೊ ಪಕ್ಕದ ಮನೆಯ ಬಾಬಣ್ಣನದು, ನಿಂತಿದ್ದದ್ದು ಓಣಿಯ ಒಳಕೊನೆಯಲ್ಲಿ. ಹೊರಗೆ ಹೋಗಲು ಬೇರೆ ದಾರಿಯಿಲ್ಲ. ನಡುವೆ ಹಸಿ ಹಾಸು. ಆ ವರ್ಷದ ನಮ್ಮ ಉಣ್ಣೆಯೆಲ್ಲ ಅದರಲ್ಲಿತ್ತು.

ಅಕ್ಕನನ್ನು ಆಟೊದಲ್ಲಿ ಮಲಗಿಸಿ ಅಪ್ಪ ಕುಡುಗೋಲು ತಂದ. ಅಜ್ಜಿ ಅಡ್ಡ ನಿಂತಳು.

"ಕೊಯ್ಬ್ಯಾಡ ಕಣಪ್ಪ. ಎತ್ತು."

"ಯಾರಮ್ಮ ಎತ್ತೋರು?"

ಅಜ್ಜಿ ಓಣಿಯ ಕಡೆ ತಿರುಗಿ ಒಂದು ಸಲ ಕೂಗಿದಳು. ಮನೆಮನೆಯಿಂದ ಜನ ಒನಕೆ, ಗಳ ಹಿಡಿದು ಬಂದರು. ನಮ್ಮೊಡನೆ ಮಾತು ಬಿಟ್ಟಿದ್ದ ಚಿಕ್ಕಪ್ಪನೂ ಬಂದು ಅಪ್ಪನ ಜೊತೆ ಒಳತುದಿಗೆ ಕೈ ಹಾಕಿದ. ನಾನು ಮರ ಹತ್ತಿ ಕವಲಿನ ಮೇಲಿಂದ ಈಚೆ ತುದಿಯ ಹಗ್ಗ ಜಗ್ಗಿ ಹಿಡಿದೆ. ಹಾಸು ತಲೆಗಳ ಮೇಲೆದ್ದಿತು. ಗಂಜಿ ಎಲ್ಲರ ಕಣ್ಣಿಗೆ ತೊಟ್ಟಿಕ್ಕುತ್ತಿತ್ತು. ಒರೆಸಿಕೊಳ್ಳಲು ಕೈ ಬಿಡುವಂತಿಲ್ಲ.

ಆಟೊ ಅದರಡಿ ತೆವಳುತ್ತಾ ಬಂತು. ಇನ್ನೇನು ಮರ ಸಿಕ್ಕಿತು ಅನ್ನುವಾಗ ನನ್ನ ಅಂಗೈ ಸುಲಿದು ಹಗ್ಗ ಜಾರಿತು. ಹಾಸು ಆಟೊದ ನೆತ್ತಿಗೆ ತಾಗಿತು. ಬಾಬಣ್ಣ ಬ್ರೇಕು ಒತ್ತಿದ. ಒಳಗಿಂದ ಅಕ್ಕನ ಸೋತ ದನಿ ಬಂತು:

"ಬೆಳಿಗ್ಗೆ ತಿಂದ ಮುದ್ದೆ ಎಲ್ಲೋಯ್ತು ಕಣ್ಲಾ? ಎತ್ತು."

ಕೊಂಬೆಗೆ ಕಾಲು ಕೊಟ್ಟು ಜಗ್ಗಿದೆ. ಎಳೆಗಳು ಮೇಲೆದ್ದವು. "ಪೋನೀ, ಪೋನೀ," ಹೋಗಲಿ ಹೋಗಲಿ ಅಂತ ತೆಲುಗಿನಲ್ಲಿ ಕೂಗಿದ ಚಿಕ್ಕಪ್ಪ. ಆಟೊ ಮರ ದಾಟಿ ರಸ್ತೆ ಹಿಡಿಯಿತು. ನಾವು ಹಾಸನ್ನು ಇಳಿಸಿ ಮತ್ತೆ ಬಿಗಿದು ಕಟ್ಟಿದೆವು.

ಸಂಜೆಗೆ ಬಾಬಣ್ಣ ಸುದ್ದಿ ತಂದ: ಹೆಣ್ಣುಮಗು, ಇಬ್ಬರೂ ಉಳಿದರು. ಅಲ್ಲಿಯವರೆಗೆ ಓಣಿಯಲ್ಲಿ ಯಾರೂ ಒಲೆ ಹಚ್ಚಿರಲಿಲ್ಲ.

ರಸ್ತೆ ಅಗಲ ಮಾಡುವಾಗ ಮರ ಹೋಯಿತು, ಆಮೇಲೆ ಒಂದೊಂದಾಗಿ ಮಗ್ಗಗಳು. ನಾನು ಹಿಂದೂಪುರಕ್ಕೆ ಬಂದು ದುಡಿದೆ, ಯಾರ ಮುಂದೆಯೂ ಕೈ ಚಾಚಲಿಲ್ಲ. ಈಗ ನನ್ನ ಹತ್ತಿರ ನಾಲ್ಕು ಪವರ್‌ಲೂಮು, ಎರಡಂತಸ್ತಿನ ಮನೆ, ಒಂದು ಕಾರು ಇವೆ. ನಮ್ಮ ಬೀದಿಯಲ್ಲಿ ನಲವತ್ತು ಮನೆಗಳಿವೆ. ಕೂಗಿದರೆ ಬಾಗಿಲು ತೆಗೆಯುವವು ಎರಡು.